ಇನ್ನೂರು ಮೀಟರ್ ಕೆಳಗೆ

ತಕೀ ಅಣ್ಣ,

ಸೋಮವಾರ ಶಿಖರಕ್ಕೆ ಇನ್ನೂರು ಮೀಟರ್ ಇರುವಾಗ ತಂಡವನ್ನು ಹಿಂದಕ್ಕೆ ತಿರುಗಿಸಿದೆ. ಆಕಾಶವೇನೋ ತಿಳಿಯಾಗಿತ್ತು. ಆದರೆ ಮಧ್ಯಾಹ್ನ ಒಂದು ಗಂಟೆಯೊಳಗೆ ತುದಿ ಮುಟ್ಟದಿದ್ದರೆ ಇಳಿಯಬೇಕೆಂದು ಹೊರಡುವಾಗಲೇ ಮಾತಾಗಿತ್ತು. ಫೆಬ್ರವರಿಯಲ್ಲಿ ಕತ್ತಲಾದರೆ ಆ ಇಳಿಜಾರಿನಲ್ಲಿ ಯಾರೂ ಬದುಕುವುದಿಲ್ಲ.

ಪೋಲೆಂಡಿನಿಂದ ಬಂದ ಹಲೀನಾ ಅತ್ತುಬಿಟ್ಟಳು. ನಮ್ಮೂರಿನ ಫಿದಾ ರೇಗಿದ: "ಏನಪ್ಪಾ, ವಯಸ್ಸಾಯ್ತಾ ನಿಂಗೆ? ತುದಿ ಇಲ್ಲೇ ಕಾಣ್ತಿದೆ!"

"ಕಾಣ್ಲಿ ಬಿಡು. ಇಳಿ," ಅಂದೆ.

ಬರುವಾಗ, ಹೋದ ಚಳಿಗಾಲ ನಾವಿಬ್ಬರೂ ಕತ್ತಲಲ್ಲಿ ಇಳಿಯುತ್ತಿದ್ದಾಗ ನೀನು ಬಿದ್ದ ಹಿಮದ ಬಿರುಕಿನ ಪಕ್ಕದಲ್ಲೇ ಹಾದುಬಂದೆವು. ನಾನು ನಿಲ್ಲಲಿಲ್ಲ.

ಇವತ್ತು ಊರು ಸೇರಿದೆ. ನಿನ್ನ ಹೆಂಡತಿ ಜೈನಬ್ ಉಪ್ಪು ಚಹಾ ಕೊಟ್ಟು, ಎಲ್ಲ ಕೇಳಿಸಿಕೊಂಡು, ಮೆಲ್ಲಗೆ ಅಂದಳು: "ಹೋದ ಚಳಿಗಾಲ ಅವರಿಗೂ ನೀನು ಹೀಗೇ 'ಇಳಿ' ಅಂತ ಹೇಳ್ಬೋದಿತ್ತಲ್ಲ?"

ನಾನು ಉಳಿದ ಚಹಾ ಒಂದೇ ಗುಟುಕಿಗೆ ಕುಡಿದು ಬಟ್ಟಲು ಕೆಳಗಿಟ್ಟೆ. ಅವಳು ಬರಿದಾದ ಬಟ್ಟಲಿಗೆ ಮತ್ತೆ ಚಹಾ ಸುರಿದಳು.