ತಂಗಿಯಲ್ಲ, ಹೆಂಡತಿ

ಮಾರ್ಚ್ 5, ಮಂಗಳವಾರ

ಮತ್ತೆ ಡಯಾಲಿಸಿಸ್. ಅದೇ ಕುರ್ಚಿ, ಅದೇ ಸೂಜಿ. ಕುರ್ಚಿಯ ರೆಕ್ಸಿನ್ ಹರಿದು ಸ್ಪಂಜು ಹೊರಗೆ ಇಣುಕುತ್ತಿದೆ. ಜೀವಮಾನವೆಲ್ಲ ಬಸ್ಸಿನ ಸೀಟು ಹೊಲಿದವನು ಇಂಥದ್ದರ ಮೇಲೆ ಕೂತರೆ ರಕ್ತ ಕುದಿಯುತ್ತದೆ. ಆ ಕುದಿಯೋ ರಕ್ತವನ್ನೇ ಇವರು ತೊಳೆಯೋದು.

ಡಾಕ್ಟರಮ್ಮ ಬಂದರು. ಇವಳ ಕಿಡ್ನಿ ನನಗೆ ಹೊಂದುತ್ತದಂತೆ. ಈ ವಯಸ್ಸಿನಲ್ಲೂ ಗಟ್ಟಿಯಾಗಿದೆಯಂತೆ. ಗಟ್ಟಿಯಿಲ್ಲದೆ ನನ್ನ ಜೊತೆ ಬಾಳಿದಳೇ?

"ಆದ್ರೆ ಒಪ್ಪಿಗೆ ಕೊಡೋ ಕಮಿಟಿಗೆ ಮದುವೆ ಸರ್ಟಿಫಿಕೇಟ್ ಬೇಕು ಯಜಮಾನ್ರೇ. ಹೆಂಡ್ತಿ ಅಂತ ಹೇಳ್ಕೊಂಡು ಯಾರ್ಯಾರೋ ಕಿಡ್ನಿ ಮಾರೋಕೆ ಬರ್ತಾರೆ. ಮಕ್ಕಳ ಬರ್ತ್ ಸರ್ಟಿಫಿಕೇಟ್ ಇದ್ರೂ ನೋಡಬಹುದಿತ್ತು."

ಮಕ್ಕಳಿಲ್ಲ. ಇವಳು ಕಿಟಕಿ ಕಡೆ ನೋಡಿದಳು. ನಾನು ಕಮಿಟಿಯನ್ನು ಬೈದೆ. ಕೈಯಲ್ಲಿ ಸೂಜಿ ಇತ್ತು, ಎದ್ದು ಬರುವ ಹಾಗಿರಲಿಲ್ಲ.

ಮಾರ್ಚ್ 6, ಬುಧವಾರ

ರಿಜಿಸ್ಟ್ರಾರ್ ಆಫೀಸು. ಮಹಡಿಯ ಮೇಲೆ. ಲಿಫ್ಟ್ ಇದೆ, ಅದರೊಳಗೆ ಹಳೇ ಫೈಲು ತುಂಬಿದ್ದಾರೆ. ಉಸಿರು ಕಟ್ಟಿಕೊಂಡು ಹತ್ತಿದೆ.

ಗುಮಾಸ್ತ ನನ್ನ ಕಾರ್ಡು ನೋಡಿದ. ಇವಳದು ನೋಡಿದ. ಮತ್ತೆ ನನ್ನದು.

"ಇಬ್ರ ತಂದೆ ಹೆಸರೂ ಒಂದೇ ಇದೆಯಲ್ಲ?"

"ಹೌದು."

"ಅಂದ್ರೆ ಅಣ್ಣ-ತಂಗಿ."

"ಗಂಡ-ಹೆಂಡ್ತಿ ಕಣಯ್ಯಾ!"

"ಕೂಗಾಡ್ಬೇಡಿ ಅಜ್ಜಾ. ಕಾರ್ಡು ಹೇಳ್ತಿದೆ, ನಾನಲ್ಲ."

ಹೇಗೆ ಹೇಳುವುದು ಇವನಿಗೆ. ಮನೆ ಬಿಟ್ಟು ಓಡಿಬಂದು ಮದುವೆಯಾದ ವರ್ಷ. ಸೀಟು ಹೊಲಿಯುವ ಶೆಡ್ಡಿನಲ್ಲಿ ಗಂಡ-ಹೆಂಡತಿಗೆ ಒಟ್ಟಿಗೆ ಕೆಲಸ ಕೊಡುತ್ತಿರಲಿಲ್ಲ — ಮನೆ ಜಗಳ ಶೆಡ್ಡಿಗೆ ತರುತ್ತಾರೆ ಅಂತ. ಅಣ್ಣ-ತಂಗಿ ಅಂದೆವು, ಇವಳಿಗೂ ನನ್ನ ಅಪ್ಪನ ಹೆಸರನ್ನೇ ಬರೆಸಿದೆವು. ನಾನು ಕತ್ತರಿಸುವುದು, ಇವಳು ಹೊಲಿಯುವುದು. ಶೆಡ್ಡಿನ ಚೀಟಿ ತೋರಿಸಿಯೇ ಇವಳ ಗುರುತಿನ ಕಾರ್ಡು ಆಯಿತು. ಅದರ ಮೇಲೆ ಬ್ಯಾಂಕು, ಅದರ ಮೇಲೆ ಗ್ಯಾಸು... ಮೊದಲ ಹೊಲಿಗೆ ತಪ್ಪಿದರೆ ಇಡೀ ಕವರು ಸೊಟ್ಟ.

ಎಲ್ಲ ಕೇಳಿ ಗುಮಾಸ್ತ ಅಂದ — "ಈ ಅಮ್ಮನ ಒಡಹುಟ್ಟಿದವರು ಯಾರಾದ್ರೂ ಬರ್ಲಿ. ಮದುವೇನ ಕಣ್ಣಾರೆ ನೋಡಿದವರು ಬೇಕು. ಇಲ್ದಿದ್ರೆ ಆಗಲ್ಲ."

ಮಾರ್ಚ್ 8, ಶುಕ್ರವಾರ

ಡಯಾಲಿಸಿಸ್. ಪಕ್ಕದ ಕುರ್ಚಿಯ ಮೇಷ್ಟ್ರು ಉಪಾಯ ಹೇಳಿದರು.

"ಸುಮ್ನೆ ಒದ್ದಾಡ್ತೀರಲ್ಲ! ತಂಗಿನೂ ಕಿಡ್ನಿ ಕೊಡಬಹುದು. ಕಾರ್ಡು ಹೆಂಗೂ ಇದೆ. ಬೇರೆ ಆಸ್ಪತ್ರೆಗೆ ಹೋಗಿ, ತಂಗಿ ಅನ್ನಿ. ಮುಗೀತು."

ಓದಿದವರ ತಲೆಯೇ ತಲೆ. ಮನೆಗೆ ಬಂದು ಇವಳಿಗೆ ಹೇಳಿದೆ. ಸೂಜಿಗೆ ದಾರ ಪೋಣಿಸುತ್ತಿದ್ದವಳು ನಿಲ್ಲಿಸಿದಳು.

"ಹೊಟ್ಟೆಪಾಡಿಗೆ ಒಂದ್ಸಲ ತಂಗಿ ಆದೆ. ಇನ್ನೊಂದ್ಸಲ ಆಗಲ್ಲ. ಕೊಟ್ರೆ ಹೆಂಡ್ತಿ ಅಂತಲೇ ಕೊಡೋದು."

"ಅಷ್ಟರಲ್ಲಿ ನಾನು ಸತ್ರೆ?"

"ಸತ್ರೆ ಏನಂತ ಅಳ್ಲಿ ರೀ? ಅಯ್ಯೋ ಅಣ್ಣಾ ಅಂತಲಾ?"

ಸಿಟ್ಟಿನಲ್ಲಿ ಊಟ ಬಿಟ್ಟೆ. ಆಮೇಲೆ ತಿಂದೆ.

ಮಾರ್ಚ್ 13, ಬುಧವಾರ

ಮದುವೆ ನೋಡಿದವರು ಯಾರು ಉಳಿದಿದ್ದಾರೆ? ಹಾರ ತಂದುಕೊಟ್ಟ ಗೆಳೆಯರಿಬ್ಬರೂ ಹೋಗಿಬಿಟ್ಟರು. ಉಳಿದವನು ಒಬ್ಬನೇ — ಇವಳ ತಮ್ಮ. ಮದುವೆ ತಡೆಯಲು ದೊಣ್ಣೆ ಹಿಡಿದು ಬಂದವನು. ಅವತ್ತಿನಿಂದ ನಮ್ಮ ಮನೆಯಲ್ಲಿ ಅವನ ಹೆಸರು ದೊಣ್ಣೆನಾಯಕ. ಗೆಳೆಯರು ರಟ್ಟೆ ಹಿಡಿದು ನಿಲ್ಲಿಸಿದ್ದರು. ನಾವು ಹಾರ ಬದಲಾಯಿಸಿದ್ದನ್ನು ಪೂರ್ತಿ ನೋಡಿದವನು ಅವನೇ. ನಾವಿಬ್ಬರೂ ನಾಚಿಕೆಗೆ ತಲೆ ತಗ್ಗಿಸಿದ್ದೆವು.

ಇಷ್ಟು ವರ್ಷದಲ್ಲಿ ಒಮ್ಮೆಯೂ ನನ್ನನ್ನು ಭಾವ ಅಂದಿಲ್ಲ. ಅಕ್ಕನಿಗೆ ಫೋನ್ ಮಾಡಿದರೂ "ಆ ಮನುಷ್ಯ ಹೆಂಗಿದಾನೆ" ಅಂತಲೇ.

ಇವಳು ಇವತ್ತು ಅವನ ಮನೆಗೆ ಹೋಗಿ ಬಂದಳು. ಮುಖ ಸಪ್ಪೆ.

"ಏನಂದ?"

"ನಿನ್ನ ಹೊಟ್ಟೆ ಕೊಯ್ಯೋಕೆ ನಾನ್ಯಾಕಕ್ಕಾ ರುಜು ಹಾಕ್ಲಿ ಅಂದ."

ಬೈಯಬೇಕು ಅಂತ ಬಾಯಿ ತೆರೆದೆ. ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಅದೇ ಇನ್ನಷ್ಟು ಸಿಟ್ಟು.

ಏಪ್ರಿಲ್ 3

ಅಡ್ಮಿಟ್ ಆಗಿದ್ದೆ. ಶ್ವಾಸಕೋಶಕ್ಕೆ ನೀರು. ಕಾಲು ಊದಿ ಕಂಬ. ಇವಳು ಮಲಗಿಲ್ಲ. ದೊಣ್ಣೆನಾಯಕ ವಾರ್ಡಿನ ಬಾಗಿಲ ತನಕ ಬಂದು ಹೋದನಂತೆ. ಒಳಗೆ ಬಂದರೆ ಗಂಟೇನು ಹೋಗುತ್ತಿತ್ತು?

ಏಪ್ರಿಲ್ 17, ಬುಧವಾರ

ಬಂದ. ರಿಜಿಸ್ಟ್ರಾರ್ ಆಫೀಸಿನ ಬೆಂಚಿನ ಆ ತುದಿಯಲ್ಲಿ ದೊಣ್ಣೆನಾಯಕ, ಈ ತುದಿಯಲ್ಲಿ ನಾನು, ನಡುವೆ ಇವಳು. ನನ್ನ ಊದಿದ ಕಾಲು ನೋಡಿದ. ಮುಖ ನೋಡಲಿಲ್ಲ.

ಗುಮಾಸ್ತ ಕರೆದ. "ಮದುವೆಗೆ ಹಾಜರಿದ್ರಾ?"

"ನಿಲ್ಸೋಕೆ ಹೋಗಿದ್ದೆ."

"ನಿಲ್ತಾ?"

"ನಿಂತಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ?"

"ಹಾಗಾದ್ರೆ ಹಾಜರು." ಬರೆದುಕೊಂಡ. "ಇವರು ನಿಮ್ಗೆ ಏನಾಗ್ಬೇಕು?"

"ಒಡಹುಟ್ಟಿದ ಅಕ್ಕ."

"ಆಯ್ತು. ಇವರು?" — ಪೆನ್ನು ನನ್ನ ಕಡೆಗೆ.

ಗೋಡೆಯ ಕ್ಯಾಲೆಂಡರ್ ಓದತೊಡಗಿದ. ಹಿಂದಿನವರು ಗೊಣಗಿದರು. ಇವಳು ನೆಲ ನೋಡುತ್ತಿದ್ದಳು. ಕಲ್ಲನ್ನಾದರೂ ಮಾತಾಡಿಸಬಹುದು, ಇವನನ್ನಲ್ಲ ಅಂದುಕೊಂಡೆ.

"ಸಂಬಂಧ ಹೇಳ್ದೆ ಮುಂದಕ್ಕೆ ಹೋಗಲ್ಲ ಸ್ವಾಮಿ."

ಗಂಟಲೊಳಗೇ ಏನೋ ಅಂದ.

"ಕೇಳಿಸ್ಲಿಲ್ಲ."

"ಭಾವ ಕಣ್ರೀ, ಭಾವ! ನಮ್ಮಕ್ಕನ ಗಂಡ! ಎಷ್ಟು ಸಲ ಬಡ್ಕೋಬೇಕು?"

ಇಡೀ ಆಫೀಸು ತಿರುಗಿ ನೋಡಿತು. ಇವಳು ಬಾಯಿಗೆ ಕೈ ಅಡ್ಡ ಇಟ್ಟಳು. ನಗುವೋ ಅಳುವೋ, ಕೇಳಲಿಲ್ಲ.

ಮೆಟ್ಟಿಲು ಇಳಿಯುವಾಗ ನನ್ನ ಮೊಣಕೈ ಹಿಡಿದ. ಬೇಡ ಅಂದೆ. ಬಿಡಲಿಲ್ಲ.

"ಅಕ್ಕನಿಗೇನಾದ್ರೂ ಆದ್ರೆ ನೋಡು."

"ನನಗೇನಾದ್ರೂ ಆದ್ರೆ?"

"ನೀನು ಗಟ್ಟಿಪಿಂಡ. ಬಾಯ್ಮುಚ್ಕೊಂಡು ಇಳಿ."

ಏಪ್ರಿಲ್ 26, ಶುಕ್ರವಾರ

ಸರ್ಟಿಫಿಕೇಟ್ ಬಂತು. ಇವಳ ಅಪ್ಪನ ಜಾಗದಲ್ಲಿ ಇವಳ ಅಪ್ಪನೇ ಇದ್ದಾನೆ. ಇವಳು ಕನ್ನಡಕ ಒರೆಸಿ ಒರೆಸಿ ಓದಿದಳು.

"ಇನ್ನು ನೀವು ಬಿಟ್ಟು ಓಡೋ ಹಾಗಿಲ್ಲ."

"ಓಡೋಕೆ ಕಾಲೆಲ್ಲಿದೆ?" ಅಂದೆ.

ಮೇ 16, ಗುರುವಾರ, ಬೆಳಿಗ್ಗೆ

ಆಪರೇಷನ್ ಇವತ್ತು. ಮೊದಲು ಇವಳು, ಆಮೇಲೆ ನಾನು. ನರ್ಸಮ್ಮ ಬಂದು "ಈ ಪೇಶೆಂಟ್ ಹೆಂಡ್ತಿ ಯಾರು?" ಅಂದಳು. ಇವಳು ಕೈ ಎತ್ತಿದಳು, ಶಾಲೆ ಹುಡುಗಿಯ ಹಾಗೆ.

ಇವಳನ್ನು ಸ್ಟ್ರೆಚರ್ ಗಾಡಿಯ ಮೇಲೆ ಕರೆದುಕೊಂಡು ಹೋಗುವಾಗ ಏನಾದರೂ ಹೇಳಬೇಕಿತ್ತು. "ಕನ್ನಡಕ ಎಲ್ಲಿಟ್ಟೆ?" ಅಂದೆ. ಕತ್ತೆ ನಾನು. "ನಿಮ್ಮ ದಿಂಬಿನ ಕೆಳಗೆ" ಅಂದಳು.

ಆಗಿನಿಂದ ಆಪರೇಷನ್ ಥಿಯೇಟರಿನ ಬಾಗಿಲು ತೆರೆದೇ ಇಲ್ಲ. ಕೇಳಿದರೆ ಒಬ್ಬರೂ ಬಾಯಿ ಬಿಡುವುದಿಲ್ಲ. ಹೊರಗಿನ ಬೆಂಚಿನಲ್ಲಿ ದೊಣ್ಣೆನಾಯಕ ಕೂತಿದ್ದಾನೆ, ಕಾಫಿ ಕೂಡ ಕುಡಿದಿಲ್ಲ.

ನನ್ನ ಗಾಡಿಯೂ ಬಂತು. ಈ ಡೈರಿ ಪುಸ್ತಕ ಒಳಗೆ ತರುವಂತಿಲ್ಲವಂತೆ. ಭಾಮೈದನ ಕೈಗೆ ಕೊಡಬೇಕು. ಇದರ ತುಂಬ ಅವನನ್ನು ಬೈದದ್ದೇ ಇದೆ, ಓದಿಬಿಟ್ಟರೆ —