ಬೋಲ್ ದಡಕ್ಕೆ ಬಂದ ದ್ವೀಪ

ಬೋಲ್ ಪಟ್ಟಣ,
ಜನವರಿ, ಸೋಮವಾರ

ಅಕ್ಕರೆಯ ಫಾಲ್ಮಾತಾ ಅಕ್ಕನಿಗೆ ತಂಗಿ ಯಗಾನಾಳ ಸಲಾಮುಗಳು.

ಕ್ಷೇಮ ಸಮಾಚಾರ ಆಮೇಲೆ. ಮೊದಲು ಇದನ್ನು ಓದು: ನಮ್ಮ ಯಜಮಾನರು ಬಂದರು! ಗುಡಿಸಲು, ಒಲೆ, ದನಗಳ ಸಮೇತ, ಕೂತಿದ್ದ ದ್ವೀಪದ ಸಮೇತ ಬಂದರು! ಮಾವೋದ ಮರಳಲ್ಲಿರುವ ನಿನಗೆ ನಗು ಬರಬಹುದು. ಅಲ್ಲಿ ದಿಬ್ಬ ಸರಿಯುವ ಹಾಗೆ ನಮ್ಮ ಚಾಡ್ ಸರೋವರದಲ್ಲಿ ಜೊಂಡಿನ ನೆಲವೇ ತೇಲುತ್ತದೆ ಅಕ್ಕ.

ಮಳೆಗಾಲದಲ್ಲಿ ಮಗಳು ಜಾರಾಳನ್ನು ಬೋಲ್‌ನ ಶಾಲೆಗೆ ಸೇರಿಸಬೇಕೆಂದು ನಾನು ಹಟ ಹಿಡಿದೆ. ದ್ವೀಪದಲ್ಲಿ ಶಾಲೆ ಎಲ್ಲಿದೆ? "ನೀವು ಒಣನೆಲದೋರು, ನಿಮ್ಗೇನ್ ಗೊತ್ತು ನೀರಿನ ಬಾಳು! ಆ ಬೋಲ್ ಮಣ್ಣಿಗೆ ನಾನು ಕಾಲಿಟ್ರೆ ಕೇಳು" ಎಂದು ಅವರು ಕೂಗಾಡಿದರು. ನಾನೂ ಬಿಡಲಿಲ್ಲ, ಮಗಳ ಕೈ ಹಿಡಿದು ದೋಣಿ ಹತ್ತಿದೆ. ಅಂದಿನಿಂದ ಇಲ್ಲಿಯವರು ತಿನ್ನುವ ದಿಹೆ ಪಾಚಿ ಸೋಸಿ, ಮರಳ ಮೇಲೆ ಒಣಗಿಸಿ, ಸಂತೆಯಲ್ಲಿ ಮಾರಿ ಹೊಟ್ಟೆ ಹೊರೆಯುತ್ತಿದ್ದೇನೆ. ಈ ಸಂಸಾರ ಮುಗಿಯಿತೆಂದೇ ತಿಳಿದಿದ್ದೆ. ನಿನಗೆ ಬರೆಯಲು ಮನಸ್ಸಾಗಲಿಲ್ಲ.

ಇವತ್ತು ಬೆಳಿಗ್ಗೆ ಪಕ್ಕದ ಮನೆಯ ಹಾಜಾ ಓಡೋಡಿ ಬಂದಳು. "ಏ ಯಗಾನಾ, ದಡದ ಹತ್ರ ದನ ಈಜ್ತಾ ಬರ್ತಿವೆ ಕಣೇ! ಆ ಕೊಂಬು ಮುರಿದಿರೋ ಕೆಂದು ಹಸು ನಿಮ್ದೇ ತಾನೆ?"

ಪಾಚಿ ಮೆತ್ತಿದ ಕೈಯಲ್ಲೇ ಓಡಿದೆ. ದೋಣಿ ನಿಲ್ಲುವ ಜಾಗಕ್ಕೆ ಅಡ್ಡವಾಗಿ ನಮ್ಮ ದ್ವೀಪ! ಮೀನುಗಾರರೆಲ್ಲ ಬಾಯಿಗೆ ಬಂದಂತೆ ಬೈಯುತ್ತಿದ್ದಾರೆ. ಈ ಮಹಾರಾಯರು ಮಾತ್ರ ಅಂಚಿನಲ್ಲಿ ನೀರಿಗೆ ಊರುವ ಗಳ ಹಿಡಿದು ಗಂಭೀರವಾಗಿ ನಿಂತಿದ್ದಾರೆ.

"ಏನ್ ಹಾಗ್ ನೋಡ್ತೀಯ? ನಾನೇನು ಬಂದಿಲ್ಲ, ಗಾಳಿ ತಂದ್ಬಿಡ್ತು. ಬೋಲ್ ಮಣ್ಣಿಗೆ ನಾನಿನ್ನೂ ಕಾಲಿಟ್ಟಿಲ್ಲ, ನೋಡ್ಕೊ."

"ಹಾಗಾದ್ರೆ ಗಾಳಿನೇ ವಾಪಸ್ ಕರ್ಕೊಂಡ್ ಹೋಗ್ಲಿ ಬಿಡಿ" ಎಂದೆ.

ಅವರು ತಲೆ ಕೆರೆದುಕೊಂಡರು. ಆಮೇಲೆ ದನಿ ತಗ್ಗಿಸಿ, "ಶಾಲೆ ಗಂಟೆ ಇಲ್ಲಿಗೆ ಕೇಳ್ಸುತ್ತಾ?" ಎಂದರು.

"ಚೆನ್ನಾಗಿ ಕೇಳ್ಸುತ್ತೆ."

ಅವರು ಹಗ್ಗ ತೆಗೆದು ದಡದ ಮರದತ್ತ ಎಸೆದರು. "ದೋಣಿ ಕಟ್ಟೋರನ್ನ ನೋಡಿದ್ದೆ ಬುಕಾರ್, ಮನೆ ಕಟ್ಟಿಹಾಕೋರನ್ನ ಇವತ್ತೇ ನೋಡಿದ್ದು" ಎಂದು ಒಬ್ಬ ಮೀನುಗಾರ ಇವರನ್ನು ಛೇಡಿಸಿದ. ನಾನೇ ಗಂಟು ಹಾಕಿದೆ, ಅಕ್ಕ. ಬಿಗಿಯಾಗಿಯೇ ಹಾಕಿದೆ. ಶಾಲೆ ಮುಗಿಸಿ ಬಂದ ಜಾರಾ ನೀರಿಗೆ ಹಾರಿ ಅಪ್ಪನ ಹತ್ತಿರ ಈಜಿಹೋದಳು, ಪಾಟಿಚೀಲವನ್ನೂ ಬಿಚ್ಚಲಿಲ್ಲ!

ನಿನ್ನ ಪ್ರೀತಿಯ,
ಯಗಾನಾ

ತಾ.ಕ.: ಈ ತಿಂಗಳು ಗಾಳಿ ನಿಮ್ಮ ಮರುಭೂಮಿ ಕಡೆಯಿಂದಲೇ ಬೀಸುತ್ತದಲ್ಲವೇ? ಇಲ್ಲಿ ಅದು ದಡದಲ್ಲಿದ್ದುದನ್ನೆಲ್ಲ ಸರೋವರದ ನಡುವಿಗೆ ತಳ್ಳುತ್ತದೆ. ತನ್ನಷ್ಟಕ್ಕೆ ಬಿಟ್ಟ ದ್ವೀಪ ಬೋಲ್‌ನಿಂದ ದೂರ ಹೋಗಬೇಕೇ ಹೊರತು ಇತ್ತ ಬರಲಾರದು. ಅವರ ಅಂಗೈ ತುಂಬ ಬೊಬ್ಬೆ. ಬೆಣ್ಣೆ ಸವರುತ್ತಾ, "ಗಾಳಿ ಜೋರಿತ್ತಾ?" ಎಂದು ಕೇಳಿದೆ. "ಹೂಂ, ಸಿಕ್ಕಾಪಟ್ಟೆ" ಎಂದರು.