ಎರಡು ಸಲ ಸುರಿದ ಮದ್ದು

ಮೊಂಟಾನಾ, ೮ ನವೆಂಬರ್ ೧೯೫೭, ಶುಕ್ರವಾರ

ನಿದ್ದೆ ಹತ್ತುತ್ತಿಲ್ಲ.

ಬೆಳಿಗ್ಗೆ ನನ್ನ ಗಂಡ ವರ್ನನ್ ಅಡಿಗೆಮನೆಯ ಮೇಜಿನ ಮುಂದೆ ಕೂತು, ತನ್ನ ಅಪ್ಪನ ಕಾಲದ ಕಬ್ಬಿಣದ ಇಕ್ಕಳದಿಂದ ಬಂದೂಕಿನ ಖಾಲಿ ತೋಟಾಗಳನ್ನು ಮತ್ತೆ ತುಂಬಿಸುತ್ತಿದ್ದ. ಒಂದೇ ತೋಟಾಕ್ಕೆ ಎರಡು ಸಲ ಮದ್ದು ಸುರಿದದ್ದನ್ನು ಕಣ್ಣಾರೆ ಕಂಡೆ.

"ಅದಕ್ಕೆ ನೀನು ಆಗ್ಲೇ ಹಾಕಿದ್ದೀಯ ಕಣೋ," ಅಂದೆ.

"ನಲವತ್ತು ವರ್ಷದಿಂದ ಮಾಡ್ತಿದೀನಿ ಮಾರಾಯ್ತಿ. ನೀನು ಕಾಫಿ ನೋಡ್ಕೋ, ಉಕ್ಕುತ್ತೆ!" ಎಂದು ನಕ್ಕು, ಗುಂಡು ಕೂರಿಸಿ ಇಕ್ಕಳ ಅದುಮಿದ. ಅದು ಉಳಿದವುಗಳ ಜೊತೆ ಸೇರಿಹೋಯಿತು. ಹೋದ ವಾರ ಅವನು ನನ್ನನ್ನು ತನ್ನ ಸತ್ತುಹೋದ ತಂಗಿಯ ಹೆಸರು ಹಿಡಿದು ಕರೆದಿದ್ದ. ಆದರೂ ಜಗಳ ಬೇಡವೆಂದು ಕಾಫಿಯ ಕಡೆ ತಿರುಗಿದೆ.

ಮಧ್ಯಾಹ್ನ ಅವನು ಮಲಗಿದಾಗ ತೋಟಾಗಳ ಇಡೀ ಡಬ್ಬಿಯನ್ನು ಹೊಳೆಗೆ ಸುರಿದು ಬಂದೆ. ಸಂಜೆ ಊಟಕ್ಕೆ ಕೂತಾಗ ಹೇಳಿಯೂಬಿಟ್ಟೆ. ಅವನು ಬೈಯಲಿಲ್ಲ.

"ಅದ್ರಲ್ಲಿ ಎಲ್ಲಾ ಎಲ್ಲಿತ್ತು? ಬೆಳಿಗ್ಗೆ ನೀನು ಹಿತ್ತಲಲ್ಲಿದ್ದಾಗ ನಿನ್ನ ತಮ್ಮ ಬಂದು ಐದು ತಗೊಂಡು ಹೋದ, ಜಿಂಕೆ ಬೇಟೆಗೆ."

ತಮ್ಮ ಹಾರ್ಲನ್ ಈಗ ಬೆಟ್ಟದ ಮೇಲೆ ಡೇರೆಯಲ್ಲಿದ್ದಾನೆ. ಅವನು ಹೋದ ಮೇಲೆ ಬಿದ್ದ ಹಿಮ ದಾರಿಯನ್ನು ಮುಚ್ಚಿದೆ. ಆ ತೋಟಾ ಅವನ ಐದರಲ್ಲಿದೆಯೋ, ಹೊಳೆ ಸೇರಿತೋ ಗೊತ್ತಿಲ್ಲ. ಎರಡು ಪಟ್ಟು ಮದ್ದಿದ್ದರೆ ಬಂದೂಕೇ ಒಡೆದು, ಹಿಡಿದವನ ಮುಖಕ್ಕೆ ಸಿಡಿಯುತ್ತದೆ.

ರಾತ್ರಿ ಹಾರ್ಲನ್‌ನ ಹೆಂಡತಿ ಕೋರಾ ಫೋನ್ ಮಾಡಿದಳು. "ಭಾನುವಾರ ಊಟಕ್ಕೆ ಬನ್ನಿ ಅಕ್ಕಾ, ಜಿಂಕೆ ಮಾಂಸ ಇರತ್ತೆ."

ಬರ್ತೀವಿ ಅಂದೆ. ಅಷ್ಟೇ ಅಂದೆ. ಅವಳಿಗೆ ಹೇಳಬೇಕಿತ್ತು, ಆದರೆ ಹೇಳಿದರೆ ಈ ಹಿಮದಲ್ಲಿ ಅವಳೇ ಬೆಟ್ಟ ಹತ್ತಿಬಿಡುತ್ತಾಳೆಂದು ಫೋನ್ ಇಟ್ಟುಬಿಟ್ಟೆ.